ಆಲ್ಟೋ ಲೈನು, ಶ್ರುತಿ ಪೆಟ್ಟಿಗೆ ಮತ್ತು ಒಂದು ಜನರೇಟರ್

ಸ್ಯಾಕ್ಸೋಫೋನ್ ಅಂದ ಕೂಡಲೇ ನಿಮಗೆ ಏನು ನೆನಪಾಗುತ್ತದೆ? ಬೆಂಗಳೂರಿನಲ್ಲಿ ಕೇಳಿದರೆ ಹೋಟೆಲಿನ ಮಂದ ಬೆಳಕು, ಕೋಟು ಹಾಕಿದ ಒಬ್ಬ ಮನುಷ್ಯ, ಹಳೇ ಹಿಂದಿ ಹಾಡು ಅನ್ನುತ್ತಾರೆ. ಇಲ್ಲಿ ಮಂಗಳೂರಿನಲ್ಲಿ ಕೇಳಿದರೆ? ಮುಂದಿನ ಸಾಲಿನವರು ಆಗಲೇ ನಗುತ್ತಿದ್ದೀರಿ. ಮದುವೆ ಹಾಲ್, ಧಾರೆಯ ಹೊತ್ತು, ಬಿಳಿ ಪಂಚೆ, ಪಕ್ಕದಲ್ಲಿ ಡೋಲು. ಜಾತ್ರೆಯಲ್ಲಿ ದೇವರ ಬಲಿ, ಅಂದರೆ ದೇವರ ಮೆರವಣಿಗೆ, ಹೊರಟರೆ ಎದುರಿಗೆ ಸ್ಯಾಕ್ಸೋಫೋನ್. ನಮಗೆ ಅದು ದೇವಸ್ಥಾನದ ವಾದ್ಯ.

ನಾನು ಮೊದಲ ಸಲ ಟಿವಿಯಲ್ಲಿ ಜಾಝ್ ನೋಡಿದಾಗ ಎಂಟೋ ಒಂಬತ್ತೋ ವರ್ಷ. ಒಬ್ಬರು ಕಣ್ಣು ಮುಚ್ಚಿ ಸ್ಯಾಕ್ಸೋಫೋನ್ ಊದುತ್ತಿದ್ದರು. ನನಗೆ ಒಂದೇ ಚಿಂತೆ. ಅಪ್ಪನನ್ನು ಕೇಳಿದೆ, "ಇವರ ಡೋಲಿನವರು ಎಲ್ಲಿ?" ಅಪ್ಪ ಪೇಪರ್‌ನಿಂದ ತಲೆ ಎತ್ತದೆ ಹೇಳಿದರು, "ಪಾಪ, ಇವತ್ತು ರಜೆ ಮಾಡಿರಬೇಕು."

ಆ ವಾದ್ಯದ ಊರು ಇದಲ್ಲ, ಅದು ಎಲ್ಲರಿಗೂ ಗೊತ್ತು. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ ಪ್ಯಾರಿಸ್‌ನಲ್ಲಿ 1846ರಲ್ಲಿ ಅದಕ್ಕೆ ಪೇಟೆಂಟ್ ತೆಗೆದುಕೊಂಡ. ಮಿಲಿಟರಿ ಬ್ಯಾಂಡಿಗೆ ಅಂತ ಮಾಡಿದ ವಾದ್ಯ. ಬ್ಯಾಂಡಿನ ಜೊತೆಗೇ ಅದು ಮೈಸೂರು ಅರಮನೆಗೂ ಬಂತು. ಅಲ್ಲಿ ಅದನ್ನು ಕೇಳಿ ತಲೆಕೆಡಿಸಿಕೊಂಡ ಹುಡುಗ ಬಂಟ್ವಾಳ ತಾಲೂಕಿನವರು, ನಾಗಸ್ವರ ವಿದ್ವಾನ್ ತನಿಯಪ್ಪನವರ ಮಗ. ಹುಟ್ಟಿದ್ದು 1949ರಲ್ಲಿ. ಹೆಸರು ಹೇಳಬೇಕಾ? ಕದ್ರಿ ಗೋಪಾಲನಾಥ್.

ನಾಗಸ್ವರ ಊದುವವರಿಗೆ ಸ್ಯಾಕ್ಸೋಫೋನ್ ಸುಲಭ ಅಂತ ಜನ ತಿಳಿದಿದ್ದಾರೆ. ಸುಲಭ ಅಲ್ಲ ಮಾರಾಯ್ರೆ. ನಾಗಸ್ವರದಲ್ಲಿ ಇರುವುದು ತೂತು. ಬೆರಳನ್ನು ಅರ್ಧ ಸರಿಸಿದರೆ ಅರ್ಧ ಸ್ವರ, ಕಾಲು ಸರಿಸಿದರೆ ಕಾಲು. ಸ್ವರವನ್ನು ಜಾರಿಸುವ, ತೂಗಿಸುವ ಗಮಕ ಬೆರಳ ತುದಿಯಲ್ಲೇ ಇದೆ. ಸ್ಯಾಕ್ಸೋಫೋನಿನಲ್ಲಿ ತೂತಿನ ಮೇಲೆ ಮುಚ್ಚಳ, ಮುಚ್ಚಳಕ್ಕೆ ಕೀಲಿ. ತೆರೆಯುತ್ತದೆ ಅಥವಾ ಮುಚ್ಚುತ್ತದೆ. ಹಾಗಾಗಿ ಗಮಕವನ್ನು ತುಟಿಗೆ, ದವಡೆಗೆ, ಗಂಟಲಿಗೆ ಸಾಗಿಸಬೇಕು. ಕದ್ರಿಯವರು ವರ್ಷಗಟ್ಟಲೆ ಕೂತು ಮಾಡಿದ್ದು ಈ ಸಾಗಾಟವನ್ನೇ. ಮಂಗಳೂರಿನ ಕಲಾನಿಕೇತನದಲ್ಲಿ ಗೋಪಾಲಕೃಷ್ಣ ಅಯ್ಯರ್ ಹತ್ತಿರ, ಆಮೇಲೆ ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಹತ್ತಿರ. 1980ರಲ್ಲಿ ಮುಂಬೈಯಲ್ಲಿ ಅಮೆರಿಕದ ಜಾಝ್ ವಾದಕ ಜಾನ್ ಹ್ಯಾಂಡಿ ಜೊತೆ ನುಡಿಸಿದರು. 1994ರಲ್ಲಿ ಲಂಡನ್ನಿನ ಪ್ರಾಮ್ಸ್ ಸಂಗೀತೋತ್ಸವ. 2019ರ ಅಕ್ಟೋಬರ್‌ನಲ್ಲಿ ಇದೇ ಊರಲ್ಲಿ ತೀರಿಕೊಂಡರು. ಅವರಿಂದಾಗಿ ಕರಾವಳಿಯ ಎಷ್ಟೋ ನಾಗಸ್ವರದ ಮನೆಗಳು ಸ್ಯಾಕ್ಸೋಫೋನಿನ ಮನೆಗಳಾದವು. ಅದರಲ್ಲಿ ನಮ್ಮದೂ ಒಂದು.

ನಮ್ಮ ಮನೆ ಅಂದೆ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಪ್ಪ ವಾಲಗದ ಮನೆತನದವರು, ಮನೆಮಾತು ತುಳು. ಅಮ್ಮ ಕೊಂಕಣಿ ಮಾತಾಡುವ ಕ್ಯಾಥೊಲಿಕ್ ಮನೆಯವರು, ಇಗರ್ಜಿಯ ಕ್ವಾಯರ್‌ನಲ್ಲಿ ಹಾಡುತ್ತಿದ್ದವರು. ಮದುವೆ ರಿಜಿಸ್ಟ್ರಾರ್ ಆಫೀಸಿನಲ್ಲಿ ಆಯಿತು. ಎರಡೂ ಕಡೆಯ ಹಿರಿಯರು ಬರಲಿಲ್ಲ. ಆ ಕಥೆ ಇವತ್ತು ಬೇಡ, ಅದಕ್ಕೆ ಬೇರೆಯೇ ಉಪನ್ಯಾಸ ಬೇಕಾದೀತು. ನಾನು ಹುಟ್ಟಿದ ಮೇಲೆ ಒಬ್ಬೊಬ್ಬರಾಗಿ ಬಂದರು, ಒಂದು ಕಡೆಯವರು ಬೆಳ್ಳಿ ಉಡಿದಾರ ಹಿಡಿದುಕೊಂಡು, ಇನ್ನೊಂದು ಕಡೆಯವರು ಕೊಂತ ಅನ್ನುವ ಜಪಮಾಲೆ ಹಿಡಿದುಕೊಂಡು.

ಮನೆಯಲ್ಲಿ ಅಪ್ಪನ ಜೊತೆ ತುಳು, ಅಮ್ಮನ ಜೊತೆ ಕೊಂಕಣಿ, ಅವರಿಬ್ಬರೂ ಜಗಳ ಆಡುವುದು ಕನ್ನಡದಲ್ಲಿ. ಸೆಪ್ಟೆಂಬರ್ ಬಂತೆಂದರೆ ನಮ್ಮಲ್ಲಿ ಗಡಿಬಿಡಿ. ಎಂಟನೇ ತಾರೀಕು ಅಮ್ಮನ ಕಡೆಯ ಮೊಂತಿ ಹಬ್ಬ, ಹೊಸ ಅಕ್ಕಿಯ ಊಟ. ಅದರ ಹಿಂದೆಯೋ ಮುಂದೆಯೋ ಚೌತಿ. ಅಪ್ಪ ಗಣಪತಿ ಮೆರವಣಿಗೆಗೆ ಹೋದರೆ ಅಮ್ಮ ಬುಟ್ಟಿಗೆ ಹೂ ತುಂಬುತ್ತಿದ್ದರು. ನಾನು ಎರಡೂ ಕಡೆ ಹೋಗುತ್ತಿದ್ದೆ. ಎರಡೂ ಕಡೆ ನನಗೆ ಕೆಲಸ ಇತ್ತು. ಆ ಎರಡು ಕೆಲಸದ ಬಗ್ಗೆ ಹೇಳಬೇಕು ಅಂತಲೇ ಇವತ್ತು ಬಂದಿದ್ದೇನೆ.

ಅಪ್ಪನ ಕಡೆ ನನ್ನ ಕೆಲಸ ಶ್ರುತಿ. ಆಗ ಮೊಬೈಲಿನಲ್ಲಿ ತಂಬೂರಿ ಇರಲಿಲ್ಲ. ಮರದ ಶ್ರುತಿ ಪೆಟ್ಟಿಗೆ, ಹಿಂದೆ ತಿದಿ. ಬೈರಾಸಿನಲ್ಲಿ ಕಟ್ಟಿ ನನ್ನ ಕುತ್ತಿಗೆಗೆ ತೂಗುಹಾಕುತ್ತಿದ್ದರು. ಮೆರವಣಿಗೆ ಉದ್ದಕ್ಕೂ ತಿದಿ ಒತ್ತುತ್ತಾ ನಡೆಯುವುದು. ಷಡ್ಜ, ಪಂಚಮ, ಅಂದರೆ ಸ ಮತ್ತು ಪ, ಅಷ್ಟೇ. ಎರಡು ಗಂಟೆ, ಮೂರು ಗಂಟೆ. ಪೆಟಾಕಿ ಹೊಡೆದಾಗ ಓಡುವ ಹಾಗಿಲ್ಲ, ಐಸ್‌ಕ್ಯಾಂಡಿ ಗಾಡಿ ಎದುರಿಗೆ ಬಂದರೂ ಕೈ ಬಿಡುವ ಹಾಗಿಲ್ಲ. ಕೊನೆಗೆ ಪಾಲು ಮಾಡುವಾಗ ಶ್ರುತಿಯವನಿಗೆ ಐದು ರೂಪಾಯಿ. ಎಲ್ಲರಿಗಿಂತ ಕಡಿಮೆ. "ಶ್ರುತಿ ಇಲ್ಲದಿದ್ದರೆ ನೀವೆಲ್ಲ ಏನು ಊದುತ್ತೀರಿ?" ಅಂತ ಒಮ್ಮೆ ಅಪ್ಪನಲ್ಲಿ ಜಗಳ ಮಾಡಿದ್ದೆ. "ಗಾಳಿಗೆ ಯಾರಾದರೂ ದುಡ್ಡು ಕೊಡುತ್ತಾರಾ ಮಗಾ?" ಅಂದರು.

ಅಮ್ಮನ ಕಡೆ ಕಥೆ ಬೇರೆ. ಇಗರ್ಜಿಯ ಹಾಡು ನಾಲ್ಕು ದನಿಯದ್ದು. ಸೊಪ್ರಾನೊ, ಆಲ್ಟೊ, ಟೆನರ್, ಬಾಸ್. ಜನರಿಗೆ ಗೊತ್ತಿರುವ ಮಟ್ಟು ಮೇಲಿನ ದನಿಯದ್ದು, ಸೊಪ್ರಾನೊ. ಅಮ್ಮ ಆಲ್ಟೊ. ಅಂದರೆ ಹಾಡಿನ ಕೆಳಗೆ ಹೋಗುವ ಎರಡನೇ ದನಿ. ಅಡುಗೆ ಮಾಡುತ್ತಾ, ಬಟ್ಟೆ ಒಗೆಯುತ್ತಾ ಅವರು ಅಭ್ಯಾಸ ಮಾಡುತ್ತಿದ್ದದ್ದು ತಮ್ಮ ದನಿಯನ್ನು ಮಾತ್ರ. ನಾನು ಕೇಳಿ ಕಲಿತದ್ದೂ ಅದನ್ನೇ.

ಈಗ ನಿಮಗೆ ಅಂದಾಜಾಗಿರಬೇಕು. ಒಂದು ಕ್ರಿಸ್ಮಸ್‌ಗೆ ಮಕ್ಕಳಿಂದ ಹಾಡಿಸಿದರು. ನಾನು ಗಟ್ಟಿಯಾಗಿ, ಆತ್ಮವಿಶ್ವಾಸದಿಂದ, ಆಲ್ಟೊ ಹಾಡಿದೆ. ಉಳಿದ ಮಕ್ಕಳು ಒಂದು ಹಾಡು, ನಾನು ಇನ್ನೊಂದು. ಹಾಡಿಸುತ್ತಿದ್ದ ಟೀಚರ್ ನನ್ನ ತಲೆಗೆ ಪುಸ್ತಕದಿಂದ ಮೆಲ್ಲಗೆ ಒಂದು ಕೊಟ್ಟರು. ನನಗೆ ಅರ್ಥವೇ ಆಗಲಿಲ್ಲ. ಹತ್ತು ವರ್ಷದ ತನಕ ನಾನು ಅದನ್ನೇ ಹಾಡು ಅಂತ ನಂಬಿದ್ದೆ.

ಆಲ್ಟೊ ದನಿಯನ್ನು ಒಂಟಿಯಾಗಿ ಕೇಳಿದ್ದೀರಾ? ಬಹಳ ವಿಚಿತ್ರ. ಒಂದೇ ಸ್ವರ ಮೂರು ಸಲ, ಒಂದು ಮೆಟ್ಟಿಲು ಇಳಿಯುವುದು, ಮತ್ತೆ ಅಲ್ಲೇ ಬಂದು ನಿಲ್ಲುವುದು. ಮೇಲೆ ಹಾರುವ ಕೆಲಸ ಅದಕ್ಕಿಲ್ಲ. ಹಾಡು ಎಲ್ಲೆಲ್ಲೋ ಹೋಗಿ ಬರುವಾಗ ಮನೆಯಲ್ಲಿ ದೀಪ ಹಚ್ಚಿ ಕೂತ ಹಾಗೆ.

ಎರಡು ಸಂಸ್ಕೃತಿಯ ಮನೆಯಲ್ಲಿ ಬೆಳೆದವನಿಗೆ ಎರಡರ ಸಂಪತ್ತೂ ಸಿಗುತ್ತದೆ ಅಂತ ಜನ ಹೇಳುತ್ತಾರೆ. ಭಾಷಣದಲ್ಲಿ ಚೆನ್ನಾಗಿರುತ್ತದೆ. ನನಗೆ ಸಿಕ್ಕಿದ್ದು ಎರಡರ ಬದಿ ಮಾತ್ರ. ಇಲ್ಲಿ ಶ್ರುತಿ, ಅಲ್ಲಿ ಎರಡನೇ ದನಿ. ಎರಡೂ ಕಡೆಯ ಮುಖ್ಯ ಹಾಡು ಬೇರೆ ಯಾರದ್ದೋ ಬಾಯಲ್ಲಿ ಇತ್ತು. ಇದನ್ನು ಬೇಜಾರಿನಿಂದ ಹೇಳುತ್ತಿಲ್ಲ. ನಾನು ಕೇಳುವ ರೀತಿಯೇ ಅದು. ಜಾಝ್ ನನಗೆ ಹಿಡಿಸಿದ್ದೂ ಅದಕ್ಕೇ ಇರಬೇಕು. ಅಲ್ಲಿ ಬಾಸ್ ನುಡಿಸುವವರು, ಹಿಂದೆ ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಕೆಲವು ಸ್ವರಗಳ ಗೊಂಚಲು, ಕೊಡುವವರು ಸುಮ್ನೆ ಜೊತೆಗಿರುವವರಲ್ಲ. ಮುಂದೆ ನಿಂತವನು ಎತ್ತ ಹೋಗಬೇಕು ಅನ್ನುವುದನ್ನು ಬಹಳ ಸಲ ಅವರೇ ತೀರ್ಮಾನ ಮಾಡುತ್ತಾರೆ.

ಸರಿ, ದೊಡ್ಡವನಾದೆ. ಅಪ್ಪನಿಂದ ಸ್ಯಾಕ್ಸೋಫೋನ್ ಕಲಿತೆ. ಬೆಂಗಳೂರು, ಗೋವಾ ಹೋಟೆಲುಗಳಲ್ಲಿ ಜಾಝ್ ನುಡಿಸಿದೆ. ರಾಗ, ಜಾಝ್ ಎರಡನ್ನೂ ಸೇರಿಸಬೇಕು ಅನ್ನುವ ಹುಚ್ಚು ಹಿಡಿಯಿತು. ಸೇರಿಸಲು ಹೋದಾಗ ಗೊತ್ತಾಯಿತು, ಅವು ಸೇರುವುದಿಲ್ಲ.

ಒಂದು ಉದಾಹರಣೆ. ತೋಡಿ ರಾಗದ ಗಾಂಧಾರ, ಅಂದರೆ ಅದರ ಗ ಸ್ವರ ತಗೊಳ್ಳಿ. ಅದು ಒಂದು ಕಡೆ ನಿಲ್ಲುವುದೇ ಇಲ್ಲ. ರಿಷಭದ ಹತ್ತಿರ ಇಳಿದು, ಮಧ್ಯಮದ ಹತ್ತಿರ ಏರಿ, ಹೀಗೆ ತೂಗಾಡುತ್ತಲೇ ಇರುತ್ತದೆ. ಆ ತೂಗಾಟಕ್ಕೇ ಗಾಂಧಾರ ಅನ್ನುವುದು. ಅದರ ಕೆಳಗೆ ಪಿಯಾನೋದಲ್ಲಿ ಒಂದು ಕಾರ್ಡ್ ಇಟ್ಟು ನೋಡಿ. ಪಿಯಾನೋದ ಗಾಂಧಾರಕ್ಕೆ ಒಂದೇ ಮನೆ, ಅಲ್ಲಿಂದ ಕದಲುವುದಿಲ್ಲ. ಮೇಲಿನದು ತೂಗುತ್ತದೆ, ಕೆಳಗಿನದು ಗೋಡೆಯ ಹಾಗೆ ನಿಂತಿದೆ. ಕಿವಿಗೆ ಜಗಳ. ಆಗ ನುಡಿಸುವವನು ಏನು ಮಾಡುತ್ತಾನೆ? ಗಮಕವನ್ನು ಸ್ವಲ್ಪ ಕಡಿಮೆ ಮಾಡುತ್ತಾನೆ. ತೋಡಿ ಅಲ್ಲಿಗೆ ಸತ್ತಿತು. ಇಲ್ಲವೇ ಕಾರ್ಡ್ ತೆಗೆದು ಬರೀ ಷಡ್ಜ ಇಡುತ್ತಾನೆ. ಜಾಝ್ ಅಲ್ಲಿಗೆ ಸತ್ತಿತು.

ತೂಗದ ಸ್ವರದಲ್ಲೂ ತಕರಾರು ಇದೆ. ತಂಬೂರಿಯ ತಂತಿ ಮೀಟಿ ಸುಮ್ಮನೆ ಕಿವಿಗೊಟ್ಟರೆ ಅದರೊಳಗಿಂದ ತಾನಾಗಿ ಒಂದು ಅಂತರ ಗಾಂಧಾರ ಕೇಳುತ್ತದೆ, ಅಲ್ವಾ? ಪಿಯಾನೋದ ಗಾಂಧಾರ ಅದಕ್ಕಿಂತ 14 ಸೆಂಟ್ ಮೇಲೆ ಇದೆ. ಪಿಯಾನೋದ ಪಕ್ಕಪಕ್ಕದ ಎರಡು ಮನೆಗಳ ನಡುವೆ ಇರುವುದು 100 ಸೆಂಟ್, ಹಾಗೆ ಲೆಕ್ಕ. 14 ಅಂದರೆ ಕಡಿಮೆ ಅನ್ನಿಸಬಹುದು. ಅಪ್ಪನಿಗೆ ಅದು ಊಟದಲ್ಲಿ ಕಲ್ಲು ಸಿಕ್ಕಿದ ಹಾಗೆ.

ಆ ದಿನಗಳಲ್ಲಿ ಬಹಳ ಫ್ಯೂಷನ್ ನುಡಿಸಿದ್ದೇನೆ, ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ. ಒಬ್ಬ ಸಂಘಟಕರು ಹೇಳಿದ್ದರು, "ಸರ್, ಇಂಡಿಯನ್ ಸ್ವಲ್ಪ ಜಾಸ್ತಿ ಹಾಕಿ." ಸಾರಿಗೆ ಉಪ್ಪು ಹಾಕಿದ ಹಾಗೆ! ಪಂಚೆ ಉಟ್ಟು ಬನ್ನಿ ಅಂತಲೂ ಅಂದರು. ಇನ್ನೊಂದು ಕಡೆ, ಒಂದು ದೇವಸ್ಥಾನದ ಸಮಿತಿಯವರು ನನ್ನ ಕಾರ್ಡ್ ಕೇಳಿ, "ಇದು ಇಗರ್ಜಿಯ ಹಾಗೆ ಕೇಳುತ್ತದೆ, ಅದು ಬೇಡ" ಅಂದರು. ಅವರ ಕಿವಿ ಸರಿಯಾಗಿಯೇ ಇತ್ತು, ಅದೇ ನನಗೆ ಹೆಚ್ಚು ನೋವಾದದ್ದು.

ಆಗ ರುದ್ರೇಶ್ ಮಹಾಂತಪ್ಪ ಅವರ ಸಂಗೀತ ಸಿಕ್ಕಿತು. ಹೆಸರು ಕೇಳಿದರೆ ದಾವಣಗೆರೆಯಲ್ಲೋ ತುಮಕೂರಿನಲ್ಲೋ ಇರುವವರ ಹಾಗಿದೆ. ಹುಟ್ಟಿದ್ದು 1971ರಲ್ಲಿ ಇಟಲಿಯ ಟ್ರಿಯೆಸ್ಟ್‌ನಲ್ಲಿ, ಬೆಳೆದದ್ದು ಅಮೆರಿಕದ ಕೊಲರಾಡೋದ ಬೌಲ್ಡರ್‌ನಲ್ಲಿ. ಜಾಝ್ ಆಲ್ಟೊ ಸ್ಯಾಕ್ಸೋಫೋನ್. ಓದುವ ಕಾಲದಲ್ಲಿ ಅಣ್ಣ ತಮಾಷೆಗೆ ಒಂದು ಆಲ್ಬಮ್ ಕೊಟ್ಟರಂತೆ. ಭಾರತೀಯ ಶೈಲಿಯ ಸ್ಯಾಕ್ಸೋಫೋನ್ ಅಂತೆ, ನೋಡು ಅಂತ. ಅದು ಕದ್ರಿಯವರದ್ದು. ತಮಾಷೆ ಅಲ್ಲಿಗೆ ಮುಗಿಯಿತು. ಮುಂದೆ ಅವರು ಕದ್ರಿಯವರನ್ನು ಹುಡುಕಿಕೊಂಡು ಬಂದರು, ಇಬ್ಬರೂ ಸೇರಿ 2008ರಲ್ಲಿ ಒಂದು ಆಲ್ಬಮ್ ತಂದರು. ಹೆಸರು ‘ಕಿನ್ಸ್‌ಮೆನ್’. ಅಂದರೆ ನಂಟರು. ಕನ್ಯಾಕುಮಾರಿ ಅವರ ಪಿಟೀಲೂ ಇದೆ ಅದರಲ್ಲಿ.

ನನಗೆ ಮಜಾ ಅನ್ನಿಸಿದ್ದು ಈ ಉಲ್ಟಾಪಲ್ಟಾ. ಅವರಿಗೆ ಸ್ಯಾಕ್ಸೋಫೋನ್ ಮನೆ ವಾದ್ಯ, ರಾಗ ದೂರದ್ದು. ನನಗೆ ರಾಗ ಹಿತ್ತಲಿನದ್ದು, ಜಾಝ್ ಟಿವಿಯಲ್ಲಿ ಬಂದದ್ದು. ಇಬ್ಬರ ಕೈಯಲ್ಲಿ ಇದ್ದದ್ದು ಒಂದೇ ವಾದ್ಯ.

ಅದಕ್ಕೂ ಮೊದಲು, 2004ರಲ್ಲಿ, ಅವರು ಇನ್ನೊಂದು ಕೆಲಸ ಮಾಡಿದ್ದರು. ಅಲ್ಲಿ ಬೆಳೆದ ನಮ್ಮವರಿಗೆ ಎದುರಾಗುವ ಪ್ರಶ್ನೆ ಇದೆಯಲ್ಲ, "ನೀವು ಇಂಡಿಯನ್ ಮಾತಾಡ್ತೀರಾ?" ಅದಕ್ಕೆ ಬೇರೆ ಬೇರೆ ಭಾಷೆಯ ಜನ ಕೊಟ್ಟ ಉತ್ತರಗಳನ್ನು ತೆಗೆದುಕೊಂಡು, ಆ ಮಾತಿನ ಏರಿಳಿತದಿಂದಲೇ ಮಟ್ಟು ಕಟ್ಟಿದರು. ಆಲ್ಬಮ್ ಹೆಸರು ‘ಮದರ್ ಟಂಗ್’. ಅದರಲ್ಲಿ ಕನ್ನಡ ಅಂತ ಒಂದು ರಚನೆ ಇದೆ, ಕೊಂಕಣಿ ಅಂತ ಒಂದಿದೆ. ಅಮ್ಮನಿಗೆ ತೋರಿಸಿದರೆ ಬಹಳ ಖುಷಿ. ಅಪ್ಪ ಪಟ್ಟಿಯನ್ನು ಎರಡು ಸಲ ಓದಿ, "ತುಳು ಇಲ್ಲ" ಅಂದರು. ಆಮೇಲೆ ಒಂದು ವಾರ ಆ ಆಲ್ಬಮ್ ಮಾತೇ ಇಲ್ಲ.

2011ರ ಆಲ್ಬಮ್‌ನಲ್ಲಿ ರುದ್ರೇಶ್ ಲ್ಯಾಪ್‌ಟಾಪ್ ಕೂಡ ತಂದರು, ಗಿಟಾರಿನ ಪಕ್ಕದಲ್ಲಿ ಮೃದಂಗವೂ ಇದೆ. ಹೆಸರು ‘ಸಂಧಿ’. ಈ ಪದ ನೋಡಿದ ಕೂಡಲೇ ನನಗೆ ನಮ್ಮ ಹೈಸ್ಕೂಲ್ ಕನ್ನಡ ಪಂಡಿತರು ನೆನಪಾದರು. ಲೋಪ, ಆಗಮ, ಆದೇಶ. ಬೆಂಚಿನ ಮೇಲೆ ನಿಲ್ಲಿಸಿ ಕಲಿಸಿದ್ದು, ಮರೆಯುವ ಹಾಗೇ ಇಲ್ಲ. ಊರು ಮತ್ತು ಅಲ್ಲಿ ಸೇರಿದರೆ ಊರಲ್ಲಿ, ಒಂದು ಸ್ವರ ಹೋಯಿತು, ಲೋಪ. ಮಳೆ ಮತ್ತು ಕಾಲ ಸೇರಿದರೆ ಮಳೆಗಾಲ, ಕ ಹೋಗಿ ಗ ಬಂತು, ಆದೇಶ. ಮನೆ ಮತ್ತು ಅಲ್ಲಿ ಸೇರಿದರೆ ಮನೆಯಲ್ಲಿ. ಈ ಯಕಾರ ಎಲ್ಲಿಂದ ಬಂತು? ಮನೆಯಲ್ಲೂ ಇರಲಿಲ್ಲ, ಅಲ್ಲಿಯಲ್ಲೂ ಇರಲಿಲ್ಲ. ಸೇರಿಸುವಾಗ ಬಾಯಿಗೆ ಬೇಕಾಯಿತು, ಬಂತು. ನಾನು ಅಲ್ಲಿಯವರೆಗೆ ಮಾಡಿದ ಫ್ಯೂಷನ್ ಎಲ್ಲ ಲೋಪ ಸಂಧಿ. ಗಮಕ ಹೋಗಬೇಕು, ಇಲ್ಲ ಕಾರ್ಡ್ ಹೋಗಬೇಕು. ಒಂದು ಯಕಾರ ಬೇಕಾಗಿತ್ತು ನನಗೆ.

ಅದಕ್ಕೇ ಎಲೆಕ್ಟ್ರಾನಿಕ್ಸ್ ಕಡೆ ಹೋದೆ. ಈ ದಾರಿ ನಮ್ಮ ದೇಶದಲ್ಲಿ ಹೊಸತೇನೂ ಅಲ್ಲ. 1969ರಲ್ಲೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಒಂದು ಮೂಗ್ ಸಿಂಥಸೈಜರ್, ಅಂದರೆ ಕರೆಂಟಿನಿಂದಲೇ ಸ್ವರ ಹುಟ್ಟಿಸುವ ಯಂತ್ರ, ಬಂದಿತ್ತು. 1982ರಲ್ಲಿ ಮುಂಬೈಯ ಸಿನಿಮಾ ಸ್ಟುಡಿಯೋ ಕಲಾವಿದ ಚರಣ್‌ಜಿತ್ ಸಿಂಗ್ ಹತ್ತು ರಾಗಗಳನ್ನು ಡಿಸ್ಕೋ ತಾಳದ ಮೇಲೆ ಕೂರಿಸಿ ಒಂದು ಎಲ್‌ಪಿ ಮಾಡಿದರು. ರೋಲೆಂಡ್ ಕಂಪನಿಯ 303 ಅಂತ ಒಂದು ಸಣ್ಣ ಪೆಟ್ಟಿಗೆ, ಬಾಸ್ ಗಿಟಾರಿನ ಬದಲಿಗೆ ಅಂತ ಮಾಡಿದ್ದು. ಅದರಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಸ್ವಿಚ್ ಇದೆ. ಸಿಂಗ್ ಅವರು ಆ ಜಾರುವಿಕೆಯಲ್ಲಿ ರಾಗ ಕಂಡರು. ಆಗ ಯಾರೂ ಕೊಳ್ಳಲಿಲ್ಲ. ಸುಮಾರು ಇಪ್ಪತ್ತೈದು ವರ್ಷ ಆದ ಮೇಲೆ ಯುರೋಪಿನ ಜನ, ನಮ್ಮ ಆ್ಯಸಿಡ್ ಹೌಸ್ ಅನ್ನುವ ಎಲೆಕ್ಟ್ರಾನಿಕ್ ಕುಣಿತದ ಸಂಗೀತವನ್ನು ಇವರು ಮೊದಲೇ ಮಾಡಿಟ್ಟಿದ್ದಾರಲ್ಲ ಅಂತ ಬೆರಗಾದರು.

ನಾನೂ ಸಿಂಥಸೈಜರ್ ತಂದೆ. ಕಾರ್ಡನ್ನೇ ತೂಗಿಸಿ ನೋಡಿದೆ, ಗಾಂಧಾರದ ಜೊತೆಗೆ. ಹಡಗಿನಲ್ಲಿ ಕೂತ ಹಾಗೆ, ವಾಂತಿ ಬರುತ್ತಿತ್ತು. ತೆಂಕುತಿಟ್ಟು ಯಕ್ಷಗಾನದ ಚೆಂಡೆ ರೆಕಾರ್ಡ್ ಮಾಡಿ, ಲ್ಯಾಪ್‌ಟಾಪಿನಲ್ಲಿ ಪ್ರತಿ ಪೆಟ್ಟನ್ನೂ ತಾಳದ ಚೌಕದೊಳಗೆ ಸರಿಯಾಗಿ ಕೂರಿಸಿದೆ. ಅಪ್ಪ ಕೇಳಿ, "ಉಂದು ಎಂಚಿನ? ಇದೇನು, ಗಡಿಯಾರ ರಿಪೇರಿಯಾ?" ಅಂದರು. ಎರಡು ವರ್ಷ ಹೀಗೇ ಹೋಯಿತು.

ಆಮೇಲೆ ಒಂದು ರಾತ್ರಿ. ಉಡುಪಿ ಹತ್ತಿರದ ಒಂದು ಜಾತ್ರೆ. ಯಕ್ಷಗಾನಕ್ಕೆ ಮುಂಚೆ ನಮಗೆ ಮುಕ್ಕಾಲು ಗಂಟೆ ಕೊಟ್ಟಿದ್ದರು. ನಾನು, ಲ್ಯಾಪ್‌ಟಾಪ್, ಮತ್ತು ಅಪ್ಪನ ಜೊತೆ ಎಷ್ಟೋ ವರ್ಷದಿಂದ ಡೋಲು ಬಾರಿಸುವ ಒಬ್ಬರು ಅಣ್ಣ. ಶುರು ಮಾಡಿ ಹತ್ತು ನಿಮಿಷಕ್ಕೆ ಕರೆಂಟ್ ಹೋಯಿತು. ನನ್ನ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಆರು ತಿಂಗಳಾಗಿತ್ತು, ನನ್ನದೇ ಉದಾಸೀನ. ಸ್ಕ್ರೀನ್ ಕಪ್ಪು, ತಂಬೂರಿ ಇಲ್ಲ, ಕಾರ್ಡ್ ಇಲ್ಲ, ಎಲ್ಲ ಅದರೊಳಗೇ. ಸ್ಟೇಜಿನ ಹಿಂದೆ ಯಾರೋ ಜನರೇಟರ್ ಎಳೆದರು. ಮೈಕು ಬಂತು, ಟ್ಯೂಬ್‌ಲೈಟ್ ಬಂತು. ಲ್ಯಾಪ್‌ಟಾಪ್ ಮಾತ್ರ ಅಪ್‌ಡೇಟ್ ಮಾಡಿಕೊಳ್ಳುತ್ತೇನೆ ಅಂತ ಕೂತಿತು.

ಸ್ಪೀಕರಿನಿಂದ ಗುಂಯ್ ಅಂತ ಒಂದು ಸದ್ದು. ನಿಮಗೆ ಗೊತ್ತಿದೆ ಆ ಸದ್ದು. ಅರ್ತ್ ಸರಿ ಇಲ್ಲದಿದ್ದರೆ ಬರುತ್ತದೆ. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಸಲ ಆಚೀಚೆ ಹೋಗುತ್ತದೆ, ಅಂದರೆ 50 ಹರ್ಟ್ಝ್. ಅದರ ಎರಡರಷ್ಟು, ನಾಲ್ಕರಷ್ಟು ಕೂಡ ಜೊತೆಗೆ ಕೇಳುತ್ತದೆ. ಪಿಯಾನೋದ ಕೆಳಗಿನ ಜಿ ಅನ್ನುವ ಸ್ವರ 49 ಹರ್ಟ್ಝ್. ಹಾಗಾದರೆ ಈ ಗುಂಯ್ ಅಂದರೆ ಏನು? ಕಾಲು ಸ್ವರಕ್ಕೂ ಕಡಿಮೆ ಮೇಲೇರಿದ ಒಂದು ಜಿ. ಯಾವ ಪಿಯಾನೋದಲ್ಲೂ ಇಲ್ಲ, ಅಪ್ಪನ ಪೆಟ್ಟಿಗೆಯಲ್ಲೂ ಇಲ್ಲ. ಆದರೆ ನಮ್ಮ ಫ್ರಿಜ್ಜಿನಲ್ಲಿ, ಟ್ರಾನ್ಸ್‌ಫಾರ್ಮರಿನಲ್ಲಿ, ಜಾತ್ರೆಯ ಸ್ಪೀಕರಿನಲ್ಲಿ ಹುಟ್ಟಿದಾಗಿನಿಂದ ಕೇಳುತ್ತಾ ಬಂದಿದ್ದೇವೆ. ಅಂದ ಹಾಗೆ ಅಮೆರಿಕದಲ್ಲಿ ಇದು 60. ಅಲ್ಲಿಯ ಗುಂಯ್ ಬಿ ಫ್ಲ್ಯಾಟ್ ಮತ್ತು ಬಿ ಅನ್ನುವ ಸ್ವರಗಳ ನಡುವೆ ಸರಿಯಾಗಿ ಮಧ್ಯದಲ್ಲಿ ಕೂರುತ್ತದೆ. ರುದ್ರೇಶ್ ಬೆಳೆದ ಮನೆಯ ಫ್ರಿಜ್ಜಿನ ಶ್ರುತಿಯೇ ಬೇರೆ!

ಅವತ್ತು ಇಷ್ಟೆಲ್ಲ ಲೆಕ್ಕ ಹಾಕಲಿಲ್ಲ, ಅದು ಆಮೇಲೆ ಮಾಡಿದ್ದು. ಜನ ಕೂತಿದ್ದಾರೆ, ಏನಾದರೂ ನುಡಿಸಬೇಕು. ಮೌತ್‌ಪೀಸನ್ನು ಒಂದಿಷ್ಟು ಒಳಗೆ ತಳ್ಳಿದೆ, ಶ್ರುತಿ ಏರುತ್ತದೆ. ಇನ್ನೂ ಸ್ವಲ್ಪ. ಗುಂಯ್ ಜೊತೆ ನನ್ನ ಷಡ್ಜ ಕೂಡಿತು. ಬೆರಳಿಗೆ ಬಂದದ್ದು ಯಾವ ರಾಗವೂ ಅಲ್ಲ. ಅಮ್ಮ ಬಟ್ಟೆ ಒಗೆಯುವಾಗ ಹಾಡುತ್ತಿದ್ದ ಆಲ್ಟೊ. ಒಂದೇ ಸ್ವರ ಮೂರು ಸಲ, ಒಂದು ಮೆಟ್ಟಿಲು ಕೆಳಗೆ, ಮತ್ತೆ ಅಲ್ಲಿಗೇ. ಶ್ರುತಿಯ ಮೇಲೆ ಇಟ್ಟಾಗ ಅದು ಆಲಾಪನೆಯ ಹಾಗೆ ಕೇಳಿತು, ಸಣ್ಣ ಜಾಗದಲ್ಲೇ ಸುತ್ತುವ ಆಲಾಪನೆ. ಗಮಕ ತಾನಾಗಿ ಬಂತು, ಜಗಳ ಮಾಡಲು ಕಾರ್ಡ್ ಇರಲಿಲ್ಲ. ಆದರೆ ಆ ದನಿ ಕಾರ್ಡಿನಿಂದಲೇ ಹುಟ್ಟಿದ್ದು, ಹಾಗಾಗಿ ಇಲ್ಲದ ಕಾರ್ಡ್ ಕೂಡ ನನಗೆ ಕೇಳುತ್ತಿತ್ತು. ಮೂರರ ನಡೆಯ ಹಾಡು. ಡೋಲಿನ ಅಣ್ಣ ಎರಡು ಆವರ್ತ ಕೇಳಿ, ರೂಪಕ ತಾಳ ಅಂತ ಹಿಡಿದು, ಕೋಲನ್ನು ಮೆಲ್ಲಗೆ ಇಳಿಸಿದರು.

ಮಧ್ಯೆ ಮಧ್ಯೆ ಶ್ರುತಿ ಕುಸಿಯುತ್ತಿತ್ತು. ಐಸ್‌ಕ್ರೀಮ್ ಸ್ಟಾಲಿನ ಫ್ರೀಜರ್ ಆನ್ ಆದ ಕೂಡಲೇ ಜನರೇಟರಿಗೆ ಭಾರ ಬಿದ್ದು ಸುತ್ತು ಕಡಿಮೆಯಾಗುತ್ತದೆ, ಗುಂಯ್ ಒಂದು ಗಳಿಗೆ ಕೆಳಗೆ ಜಾರುತ್ತದೆ, ಮತ್ತೆ ಏರುತ್ತದೆ. ನಾನೂ ಅದರ ಹಿಂದೆಯೇ ಜಾರಿದೆ, ಏರಿದೆ. ಶ್ರುತಿಗೇ ಗಮಕ!

ಮೈಕಿನವರು ಅದನ್ನು ಪೆನ್‌ಡ್ರೈವಿನಲ್ಲಿ ರೆಕಾರ್ಡ್ ಮಾಡಿದ್ದರು. ಮನೆಗೆ ತಂದು ತಿಂಗಳುಗಟ್ಟಲೆ ಕೆಲಸ ಮಾಡಿದೆ. ಗುಂಯ್ ಸದ್ದನ್ನು ತೆಗೆಯುವ ಸಾಫ್ಟ್‌ವೇರ್ ಇದೆ, ಒಂದೇ ಬಟನ್. ನಾನು ಅದನ್ನು ಉಳಿಸಿ, ಅದರ ಮೇಲಿನ ಪದರಗಳನ್ನು ಒಂದೊಂದಾಗಿ ಬಿಡಿಸಿ ಹರಡಿದೆ. ಈಗ ನೀವು ಕೇಳುವುದು ಅದನ್ನೇ. ಇನ್ನೂ ಮುಗಿದಿಲ್ಲ, ಡೋಲು ಎರಡನೇ ಭಾಗದಲ್ಲಿ ಸ್ವಲ್ಪ ಜಾಸ್ತಿಯಾಗಿದೆ ಅನ್ನಿಸುತ್ತದೆ.

ಮೊದಲು ಕೇಳಿಸಿದ್ದು ಮನೆಯಲ್ಲಿ, ಇಬ್ಬರನ್ನೂ ಕೂರಿಸಿ. ಅಮ್ಮ ಸ್ವಲ್ಪ ಹೊತ್ತು ಹುಬ್ಬು ಗಂಟಿಕ್ಕಿದರು. "ಪುತಾ, ಹಾಡು ಎಲ್ಲಿ ಇದರಲ್ಲಿ?" ಅಂದರು. ನಾನು ಸುಮ್ಮನಿದ್ದೆ. ಮೂರನೇ ಸಾಲಿಗೆ ಬರುವಾಗ ಅವರ ತುಟಿ ಅಲ್ಲಾಡುತ್ತಿತ್ತು. "ಇದು ನನ್ನದಲ್ವಾ," ಅಂದವರು, ಕೊನೆಯ ಸಾಲಿನಲ್ಲಿ ನಾನು ಒಂದು ಸ್ವರ ತಪ್ಪಿದ್ದೇನೆ ಅಂತ ಹಾಡಿ ತೋರಿಸಿದರು. ತಪ್ಪಿದ್ದು ಹೌದು.

ಅಪ್ಪ ಕಣ್ಣು ಮುಚ್ಚಿಕೊಂಡೇ ಕೂತಿದ್ದರು. ಮುಗಿದ ಮೇಲೆ ಕೇಳಿದರು, "ಶ್ರುತಿ ಯಾರದ್ದು?"

"ಜನರೇಟರಿನದ್ದು."

"ಅದಕ್ಕೆ ಎಷ್ಟು ಕೊಟ್ಟೆ?"